ಕೇಳಿಸದವರಿಗೂ ಜಾಗವಿರಲಿ: ಹ್ಯಾಮ್ ಮಾತುಕತೆಯ ಶಿಷ್ಟಾಚಾರದ ಬಗ್ಗೆ

ಚರ್ಚೆ ಆರಂಭಿಸಿದವರು: ಸರಸ್ವತಿಪುರಂ, ಮೈಸೂರು

ಎಲ್ಲ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರಿಗೂ ನಮಸ್ಕಾರ. ಮೈಸೂರು, ಮಂಡ್ಯ ಎರಡೂ ಕಡೆ ಹೊಸದಾಗಿ ಪರವಾನಗಿ ಪಡೆದವರ ದನಿ ಈಚೆಗೆ ಸಂಜೆಯ ಹೊತ್ತು ಎರಡು ಮೀಟರ್ ಬ್ಯಾಂಡಿನಲ್ಲಿ ಕೇಳಿಬರುತ್ತಿದೆ. ಬಹುಕಾಲ ಮೌನವಾಗಿದ್ದ ರಿಪೀಟರಿನಲ್ಲಿ (ನಮ್ಮ ಮಾತನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರದಲ್ಲಿ) ಮತ್ತೆ ಮಾತು ಶುರುವಾದದ್ದು ನನ್ನಂಥವರಿಗೆ ದೊಡ್ಡ ಸಂತೋಷ. ಆ ಸಂತೋಷ ಉಳಿಯಲಿ ಎಂಬ ಆಸೆಯಿಂದಲೇ ಈ ವಿಷಯವನ್ನು ಇಲ್ಲಿ ಎತ್ತುತ್ತಿದ್ದೇನೆ.

ಶಿಷ್ಟಾಚಾರ ಎಂದ ಕೂಡಲೇ ನಮಗೆ ಮಾತಿನ ನಯ ನೆನಪಾಗುತ್ತದೆ. ಅದರಲ್ಲಿ ನಮ್ಮ ಭಾಗದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮಸ್ಕಾರ, ಕುಶಲಪ್ರಶ್ನೆ, ಊಟವಾಯಿತೇ ಎಂಬ ವಿಚಾರಣೆ ಎಲ್ಲವೂ ಕ್ರಮವಾಗಿ ನಡೆಯುತ್ತದೆ. ಆದರೆ ಅಷ್ಟೆಲ್ಲ ನಯವಾಗಿ ಮಾತನಾಡುತ್ತಲೇ ಇಬ್ಬರು ಸೇರಿ ಮೂರನೆಯವರೊಬ್ಬರನ್ನು ಅರ್ಧ ಗಂಟೆ ಹೊರಗೆ ನಿಲ್ಲಿಸಿಬಿಡಬಹುದು, ಅದೂ ತಮಗೇ ಗೊತ್ತಾಗದಂತೆ. ರೇಡಿಯೋದಲ್ಲಿ ನಮ್ಮಿಂದ ತೊಂದರೆಯಾಗುವುದು ಹೆಚ್ಚಾಗಿ ನಮಗೆ ಕೇಳಿಸದವರಿಗೆ.

ಅದು ಹೇಗೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಿಪೀಟರ್ ಕೇಳಿಸಿಕೊಳ್ಳುವ ಫ್ರೀಕ್ವೆನ್ಸಿ ಒಂದು, ಅದು ಮರುಪ್ರಸಾರ ಮಾಡುವ ಫ್ರೀಕ್ವೆನ್ಸಿ ಇನ್ನೊಂದು. ಎರಡು ಮೀಟರಿನಲ್ಲಿ ಇವುಗಳ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರವಿರುತ್ತದೆ. ನಮ್ಮ ಸೆಟ್ಟಿಗೆ ಬರುವುದು ರಿಪೀಟರ್ ಹೊರಗೆ ಕಳಿಸಿದ್ದು ಮಾತ್ರ, ಅದರ ಕಿವಿಗೆ ಏನೇನು ಬಿತ್ತೆಂಬುದು ನಮಗೆ ತಿಳಿಯುವುದಿಲ್ಲ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಪಿಟಿಟಿ (ಮಾತನಾಡಲು ಒತ್ತುವ ಗುಂಡಿ) ಒತ್ತಿದರೆ ಬಲವಾದ ಸಿಗ್ನಲ್ ದುರ್ಬಲವಾದದ್ದನ್ನು ಪೂರ್ತಿ ನುಂಗಿಹಾಕುತ್ತದೆ. ಎರಡೂ ಸಮಬಲವಾಗಿದ್ದರೆ ಕನಿಷ್ಠ ಪಕ್ಷ ಒಂದು ಕರ್ಕಶ ಸದ್ದಾದರೂ ಕೇಳಿಸುತ್ತದೆ. ಒಬ್ಬರದು ತಾರಸಿಯ ಮೇಲಿನ ದೊಡ್ಡ ಆಂಟೆನಾ, ಇನ್ನೊಬ್ಬರದು ಐದು ವ್ಯಾಟಿನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಆದರೆ, ಹ್ಯಾಂಡಿಯವರು ಕರೆದದ್ದರ ಸುಳಿವೂ ಯಾರಿಗೂ ಸಿಗುವುದಿಲ್ಲ.

ಹೀಗಿರುವಾಗ, ಒಬ್ಬರು ಪಿಟಿಟಿ ಬಿಡುತ್ತಿದ್ದಂತೆ ಇನ್ನೊಬ್ಬರು ಒತ್ತುವ ಅಭ್ಯಾಸ ನಮ್ಮ ಸಂಜೆಯ ಮಾತುಕತೆಗಳಲ್ಲಿ ಬೇರೂರಿದೆ. ಚಾಮುಂಡಿ ಬೆಟ್ಟದ ಆಚೆ, ವರುಣದ ಕಡೆಯಿಂದ, ಮನೆಯ ತಾರಸಿ ಹತ್ತಿ ಹ್ಯಾಂಡಿ ಎತ್ತಿ ಹಿಡಿದು ಕರೆಯುವವರಿಗೆ ಆ ಸಂದಿನಲ್ಲಿ ನುಸುಳಲು ಹೇಗೆ ಸಾಧ್ಯ? ರಿಪೀಟರಿನ ಬೀಪ್ ಕೇಳಿಸಿದ ಮೇಲೆ ಎರಡು ಸೆಕೆಂಡು ತಡೆದು ಮಾತನಾಡಿದರೆ ಅವರಿಗೆ ಜಾಗ ಸಿಗುತ್ತದೆ, ದೀರ್ಘ ಮಾತನ್ನು ತಡೆಯುವ ರಿಪೀಟರಿನ ಟೈಮರ್ ಕೂಡ ಮೊದಲಿನಿಂದ ಎಣಿಸಲು ಶುರುಮಾಡುತ್ತದೆ. ಇಬ್ಬರಿಗೂ ನೇರವಾಗಿ ಕೇಳಿಸುವಷ್ಟು ಹತ್ತಿರವಿದ್ದರೆ, ಉದಾಹರಣೆಗೆ ಇಬ್ಬರೂ ಕುವೆಂಪುನಗರದಲ್ಲೇ ಇದ್ದರೆ, ಸಿಂಪ್ಲೆಕ್ಸ್‌ಗೆ (ರಿಪೀಟರ್ ಇಲ್ಲದ ನೇರ ಮಾತಿಗೆ) ಹೋಗುವುದು ಇನ್ನೂ ಒಳ್ಳೆಯದು.

ಅಮೆರಿಕದ ಪಾಲ್ ಸೀಗಲ್ ಅವರು 1928ರಲ್ಲಿ ಹವ್ಯಾಸಿಗಳಿಗಾಗಿ ಬರೆದ ನೀತಿಸೂತ್ರಗಳು ಇಂದಿಗೂ ಪ್ರಪಂಚದಾದ್ಯಂತ ಹ್ಯಾಮ್‌ಗಳ ಬಾಯಲ್ಲಿವೆ. ಬೇರೆಯವರ ಸಂತೋಷಕ್ಕೆ ಕುಂದಾಗುತ್ತದೆ ಎಂದು ಗೊತ್ತಿದ್ದೂ ತನ್ನ ಖುಷಿಗಾಗಿ ಪ್ರಸಾರ ಮಾಡಬಾರದು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ನನ್ನ ಅಭಿಪ್ರಾಯದಲ್ಲಿ ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು. ಗೊತ್ತಿದ್ದೂ ತೊಂದರೆ ಕೊಡುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಗೊತ್ತಿಲ್ಲದೆ ಆಗುವ ತೊಂದರೆಯೇ ದಿನನಿತ್ಯದ್ದು. ಅದನ್ನು ತಪ್ಪಿಸಲು ಏನೇನು ಮಾಡಬಹುದು ಎಂದು ನೀವೆಲ್ಲರೂ ಬರೆಯಬೇಕಾಗಿ ಕೋರುತ್ತೇನೆ.

ಪ್ರತಿಕ್ರಿಯೆ: ಪಾಂಡವಪುರ, ಮಂಡ್ಯ ಜಿಲ್ಲೆ

ಸರಸ್ವತಿಪುರಂನ ಹಿರಿಯರು ರಿಪೀಟರಿನ ಬಗ್ಗೆ ಹೇಳಿದ್ದು ದೂರದ ಊರಿನವರೊಡನೆ ಮಾತನಾಡುವ ನಲವತ್ತು ಮೀಟರ್ ಬ್ಯಾಂಡಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ನಾನಿರುವುದು ಹಳ್ಳಿಯಲ್ಲಿ, ಸುತ್ತ ಕಬ್ಬಿನ ಗದ್ದೆ. ರಾತ್ರಿ ತ್ರೀ ಫೇಸ್ ಕರೆಂಟ್ ಹೋಗಿ ಪಂಪ್‌ಸೆಟ್ಟುಗಳು ನಿಂತ ಮೇಲೆ ನನ್ನ ರಿಸೀವರಿನ ಎಸ್ ಮೀಟರಿನ (ಸಿಗ್ನಲ್ ಬಲ ತೋರಿಸುವ ಮಾಪಕದ) ಮುಳ್ಳು ಬಹುತೇಕ ತಳಕ್ಕೆ ಬಂದು ನಿಲ್ಲುತ್ತದೆ. ಆಗ ಅಸ್ಸಾಮಿನಿಂದ ಇಪ್ಪತ್ತು ವ್ಯಾಟಿನಲ್ಲಿ ಮಾತನಾಡುವವರ ದನಿಯೂ ಒಂದೊಂದು ಪದ ಬಿಡದೆ ತಿಳಿಯುತ್ತದೆ. ಅದೇ ಹೊತ್ತಿನಲ್ಲಿ ಮೈಸೂರು ನಗರದೊಳಗಿನ ಗೆಳೆಯರ ಮನೆಯಲ್ಲಿ ಎಲ್‌ಇಡಿ ದೀಪಗಳು, ಇನ್ವರ್ಟರು, ಪಕ್ಕದ ಮನೆಯ ಚಾರ್ಜರುಗಳು ಎಲ್ಲ ಸೇರಿ ಮುಳ್ಳು ಏಳರ ಮೇಲೆ ಕೂತಿರುತ್ತದೆ. ದಸರೆಯ ದೀಪಾಲಂಕಾರದ ದಿನಗಳಲ್ಲಂತೂ ಕೇಳುವುದೇ ಬೇಡ. ಅವರ ಮಟ್ಟಿಗೆ ಆ ಫ್ರೀಕ್ವೆನ್ಸಿ ಖಾಲಿ. ಪ್ರಾಮಾಣಿಕವಾಗಿಯೇ ಖಾಲಿ ಎಂದು ನಂಬಿ ನೂರು ವ್ಯಾಟಿನಲ್ಲಿ ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆಯುತ್ತಾರೆ. ಇಲ್ಲಿ ನನ್ನ ಕಿವಿಯಲ್ಲಿ ಅಸ್ಸಾಮಿನವರ ಮಾತು ಅರ್ಧಕ್ಕೇ ಮುಗಿದುಹೋಗುತ್ತದೆ.

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ತನ್ನ ಜಾಗದಲ್ಲಿ ಗದ್ದಲ ಹೆಚ್ಚೆಂದು ಗೊತ್ತಿರುವವರು ಬೇರೆಯವರಿಗಿಂತ ಹೆಚ್ಚು ಹೊತ್ತು ಕಾಯಬೇಕು, ಹೆಚ್ಚು ಸಲ ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದರ ಜೊತೆಗೆ ಸ್ಕಿಪ್ ಕೂಡ ಇದೆ, ಅಂದರೆ ಆಕಾಶದ ಅಯಾನು ಪದರಕ್ಕೆ ತಾಗಿ ಮರಳುವ ಸಿಗ್ನಲ್ ಹತ್ತಿರದ ಊರುಗಳನ್ನು ಹಾರಿ ದೂರದಲ್ಲಿ ಇಳಿಯುವುದು. ಹಗಲಿನಲ್ಲಿ ಮೈಸೂರಿಗೆ ಬೆಂಗಳೂರು ಚೆನ್ನಾಗಿಯೇ ಕೇಳಿಸುತ್ತದೆ. ರಾತ್ರಿ ಮೇಲಿನ ಪದರ ಸೊರಗಿದ ಮೇಲೆ ಅದೇ ಬೆಂಗಳೂರು ಮಾಯವಾಗಿ, ದೆಹಲಿಯೋ ಕೋಲ್ಕತ್ತವೋ ಪಕ್ಕದ ಮನೆಯಂತೆ ಕೇಳಿಸುತ್ತದೆ. ಬೆಂಗಳೂರಿನವರು ದೆಹಲಿಯವರಿಗೆ ಮಾತನಾಡುತ್ತಿರುವಾಗ ನಮಗೆ ಪೂರ್ತಿ ನಿಶ್ಶಬ್ದ. ಆ ನಿಶ್ಶಬ್ದ ಎರಡು ಮೂರು ನಿಮಿಷ ಇದ್ದರೂ ಆಶ್ಚರ್ಯವಿಲ್ಲ. ಹಾಗಾಗಿ ಒಂದು ನಿಮಿಷ ಕೇಳಿಸಿಕೊಂಡೆ, ಯಾರೂ ಇರಲಿಲ್ಲ ಎಂದರೆ ಸಾಲದು. "ಈ ಫ್ರೀಕ್ವೆನ್ಸಿ ಬಳಕೆಯಲ್ಲಿದೆಯೇ?" ಎಂದು ಕಾಲ್‌ಸೈನ್ (ಪರವಾನಗಿಯ ಜೊತೆ ಸಿಗುವ ಗುರುತು) ಸಮೇತ ಕೇಳಿ, ತುಸು ಕಾದು, ಮತ್ತೊಮ್ಮೆ ಕೇಳಿ, ಆಮೇಲೆ ಕರೆಯಬೇಕು. ಮೋರ್ಸ್‌ನಲ್ಲಾದರೆ ಕ್ಯೂಆರ್‌ಎಲ್ ಎಂದು ಕೇಳಿದರಾಯಿತು. "ಹೌದು, ಬಳಕೆಯಲ್ಲಿದೆ" ಎಂಬ ಉತ್ತರ ಬಂದರೆ ಧನ್ಯವಾದ ಹೇಳಿ ಜರುಗುವುದು, ಅಷ್ಟೆ. ಅಲ್ಲಿ ವಾದಕ್ಕೆ ಏನೂ ಇಲ್ಲ.

ಸೆಟ್ಟನ್ನು ಆಂಟೆನಾಗೆ ಹೊಂದಿಸಲು ಟ್ಯೂನ್ ಮಾಡುವವರ ವಿಷಯವನ್ನೂ ಹೇಳಿಬಿಡುತ್ತೇನೆ. ಡಮ್ಮಿ ಲೋಡ್ (ಆಂಟೆನಾದ ಬದಲು ಜೋಡಿಸುವ, ಸಿಗ್ನಲ್ ಹೊರಬಿಡದ ಸಾಧನ) ಇದ್ದರೆ ಒಳ್ಳೆಯದು, ಆಂಟೆನಾ ಟ್ಯೂನರಿಗೆ ಗಾಳಿಯಲ್ಲೇ ಸಿಗ್ನಲ್ ಬೇಕಾದರೆ ಖಾಲಿ ಜಾಗ ನೋಡಿ, ಪವರ್ ಇಳಿಸಿ, ಬೇಗ ಮುಗಿಸಬೇಕು. ಮೈಕ್ ಗೇನ್ (ಮೈಕಿನ ದನಿಯ ಮಟ್ಟ) ಪೂರ್ತಿ ಏರಿಸಿದರೆ ದೂರದವರಿಗೆ ದನಿ ಹೆಚ್ಚು ಕೇಳಿಸುವುದಿಲ್ಲ. ಮೂರು ಕಿಲೋಹರ್ಟ್ಸ್ ಒಳಗೆ ಮುಗಿಯಬೇಕಾದ ಮಾತು ಅಕ್ಕಪಕ್ಕದ ಗದ್ದೆಗೆಲ್ಲ ನುಗ್ಗುವ ನಾಲೆ ನೀರಿನಂತೆ ಹರಡುತ್ತದೆ, ಅಷ್ಟೆ. ಯಾರಾದರೂ "ನಿಮ್ಮ ಸಿಗ್ನಲ್ ಅಗಲವಾಗಿದೆ" ಎಂದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನಮ್ಮದೇ ಸಿಗ್ನಲ್ ಹೊರಗೆ ಹೇಗೆ ಕೇಳಿಸುತ್ತದೆಂದು ತಿಳಿಯಲು ನಮಗೆ ಬೇರೆಯವರ ಕಿವಿಯೇ ಗತಿ.

ಪ್ರತಿಕ್ರಿಯೆ: ಜಯಲಕ್ಷ್ಮೀಪುರಂ, ಮೈಸೂರು

ಹಿರಿಯರಿಗೆ ನಮಸ್ಕಾರ. ನಾನು ವಿಯು3ಯಿಂದ ಆರಂಭವಾಗುವ ಕಾಲ್‌ಸೈನ್ ಪಡೆದಿರುವ ಎಂಜಿನಿಯರಿಂಗ್ ವಿದ್ಯಾರ್ಥಿ. ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಇನ್ನೊಂದು ಬದಿಯನ್ನೂ ಹೇಳಬೇಕಾಗಿದೆ. ನನ್ನ ಜೊತೆ ಪರೀಕ್ಷೆ ಬರೆದ ಗೆಳೆಯನೊಬ್ಬ ಮೊದಲ ಸಲ ರಿಪೀಟರಿನಲ್ಲಿ ಕರೆದಾಗ ತನ್ನ ಕಾಲ್‌ಸೈನನ್ನು ಮೊದಲು ಹೇಳಿ, ಎದುರಿನವರದನ್ನು ಆಮೇಲೆ ಹೇಳಿದ. ಅಷ್ಟಕ್ಕೆ ಹಿರಿಯ ಸದಸ್ಯರೊಬ್ಬರು ಎಲ್ಲರೂ ಕೇಳುತ್ತಿರುವಾಗಲೇ "ಪರೀಕ್ಷೆ ಹೇಗೆ ಪಾಸು ಮಾಡಿದೆ?" ಎಂದು ಕೇಳಿದರು. ಅವನು ಆ ಮೇಲೆ ಮೈಕ್ ಹಿಡಿದಿಲ್ಲ. ಸೆಟ್ ಈಗಲೂ ಆನ್ ಮಾಡುತ್ತಾನೆ, ಕೇಳುತ್ತಾನೆ, ಮಾತನಾಡುವುದಿಲ್ಲ.

ಕೇಳಿಸದವರಿಗೆ ಜಾಗ ಬಿಡಬೇಕು ಎಂದು ಇಲ್ಲಿ ಚರ್ಚೆಯಾಗುತ್ತಿದೆ. ಹೀಗೆ ಸುಮ್ಮನಾದವರೂ ಆ ಗುಂಪಿಗೇ ಸೇರುತ್ತಾರೆ ಅಲ್ಲವೇ ಸರ್? ತಪ್ಪು ಕಂಡಾಗ ತಿದ್ದುವುದು ಹೇಗಿರಬೇಕು ಎಂಬುದನ್ನೂ ದಯವಿಟ್ಟು ತಿಳಿಸಬೇಕು.

ಉತ್ತರ: ಸರಸ್ವತಿಪುರಂ, ಮೈಸೂರು

ಮಗು, ನಿನ್ನ ಪ್ರಶ್ನೆ ನನ್ನ ಪ್ರಶ್ನೆಗಿಂತ ದೊಡ್ಡದು. ಆ ಗೆಳೆಯನನ್ನು ಒಮ್ಮೆ ನಮ್ಮ ಮನೆಗೆ ಕರೆದುಕೊಂಡು ಬಾ.

ತಿದ್ದುವುದು ಗಾಳಿಯಲ್ಲಿ ಆಗಬಾರದು. ಫೋನ್ ಇದೆ, ಮನೆಯಿದೆ, ತಿಂಗಳ ಭೇಟಿಯಿದೆ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಂಜೆ ಮಾತನಾಡಿಸಿದರೆ ಕಲಿಯುವುದನ್ನು ನೂರು ಸಲ ಗದರಿದರೂ ಯಾರೂ ಕಲಿಯುವುದಿಲ್ಲ. ಎದುರಿನವರ ಕಾಲ್‌ಸೈನ್ ಮೊದಲು, ನಮ್ಮದು ನಂತರ ಎಂಬುದು ಒಳ್ಳೆಯ ರೂಢಿ. ತನ್ನನ್ನೇ ಕರೆಯುತ್ತಿದ್ದಾರೆಂದು ಕೇಳುವವರಿಗೆ ಕೂಡಲೇ ತಿಳಿಯುತ್ತದೆ. ಆ ಕ್ರಮ ತಪ್ಪಿದರೆ ಯಾರ ಮಾತೂ ಕೆಡುವುದಿಲ್ಲ. ಕಾಲ್‌ಸೈನನ್ನೇ ಹೇಳದೆ ಪಿಟಿಟಿ ಒತ್ತಿ ರಿಪೀಟರ್ ಎದ್ದಿತೇ ಎಂದು ನೋಡಿ ಸುಮ್ಮನಾಗುವುದು ಅದಕ್ಕಿಂತ ದೊಡ್ಡ ಲೋಪ. ಪ್ರಸಾರದ ನಡುವೆ ಆಗಾಗ ಕಾಲ್‌ಸೈನ್ ಹೇಳಬೇಕೆಂಬುದು ಅಂತರರಾಷ್ಟ್ರೀಯ ರೇಡಿಯೋ ನಿಯಮಗಳಲ್ಲೇ ಇದೆ. ಸಣ್ಣದು ಯಾವುದು, ದೊಡ್ಡದು ಯಾವುದು ಎಂಬ ವಿವೇಚನೆ ತಿದ್ದುವವರಿಗೆ ಮೊದಲು ಇರಬೇಕು.

ಇಪ್ಪತ್ತು ಮೀಟರಿನಲ್ಲಿ ಇದರ ಇನ್ನೊಂದು ರೂಪವಿದೆ. ದೂರದ ದ್ವೀಪವೊಂದರಿಂದ ಯಾರೋ 14.195 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ ಮಾತನಾಡುತ್ತಾ "ಐದು ಕಿಲೋಹರ್ಟ್ಸ್ ಮೇಲೆ ಕೇಳುತ್ತಿದ್ದೇನೆ" ಎಂದು ಹೇಳಿರುತ್ತಾರೆ. ಒಬ್ಬರು ಅದನ್ನು ಗಮನಿಸದೆ ಅವರ ಫ್ರೀಕ್ವೆನ್ಸಿಯಲ್ಲೇ ಕರೆಯುತ್ತಾರೆ. ಒಂದೇ ಕರೆ, ಮೂರು ಸೆಕೆಂಡು. ಕೂಡಲೇ ಹತ್ತು ಜನ "ಅಪ್, ಅಪ್" ಎಂದು ಕೂಗಲು ಶುರುಮಾಡುತ್ತಾರೆ, ಕೆಲವರು ಬೈಯುತ್ತಾರೆ, ಬೈದವರನ್ನು ಇನ್ನು ಕೆಲವರು ಬೈಯುತ್ತಾರೆ. ಆ ದ್ವೀಪದವರ ದನಿ ಐದು ನಿಮಿಷ ಯಾರಿಗೂ ಕೇಳಿಸದಂತಾಗುತ್ತದೆ. ಮೊದಲು ತಪ್ಪಿದವರು ಆ ಹೊತ್ತಿಗೆ ತಾವೇ ಅರಿತು ಜರುಗಿಯಾಗಿರುತ್ತದೆ. ಬೇಕೆಂದೇ ಕಿರುಕುಳ ಕೊಡುವವರ ವಿಷಯದಲ್ಲಿಯೂ ಇದೇ ಮಾತು: ಅವರಿಗೆ ಬೇಕಾದದ್ದು ನಮ್ಮ ಉತ್ತರ, ಅದನ್ನು ಕೊಡಬಾರದು. ಅವರ ಬಗ್ಗೆ ಗಾಳಿಯಲ್ಲಿ ಒಂದು ಮಾತನ್ನೂ ಆಡದೆ, ಲಾಗ್ ಪುಸ್ತಕದಲ್ಲಿ ಸಮಯ ಗುರುತು ಮಾಡಿಕೊಂಡು, ನಮ್ಮ ಮಾತನ್ನು ಮುಂದುವರಿಸುವುದೇ ದಾರಿ.

ಪ್ರತಿಕ್ರಿಯೆ: ಮಂಡ್ಯ ನಗರ

ನಾನು ಮಹಿಳಾ ಹ್ಯಾಮ್. ಸಂಬೋಧನೆಯ ಬಗ್ಗೆ ಇಲ್ಲಿ ಯಾರೂ ಬರೆಯದ್ದರಿಂದ ನಾನೇ ಬರೆಯುತ್ತಿದ್ದೇನೆ.

ಹ್ಯಾಮ್ ರೇಡಿಯೋದ ಹಳೆಯ ಸಂಪ್ರದಾಯದಲ್ಲಿ ಪದವಿ, ಅಂತಸ್ತು, ವಯಸ್ಸು ಯಾವುದೂ ಇಲ್ಲ. ಕಾಲ್‌ಸೈನ್ ಇದೆ, ಕರೆಯುವ ಹೆಸರಿದೆ. ನಮ್ಮ ಕನ್ನಡದಲ್ಲಿ ಹಾಗೆ ಮಾತನಾಡುವುದು ಸುಲಭವಲ್ಲ, ಹಿರಿಯರನ್ನು ಬರಿ ಹೆಸರು ಹಿಡಿದು ಕರೆಯಲು ನನಗೂ ನಾಲಿಗೆ ಏಳುವುದಿಲ್ಲ. ಹಾಗಾಗಿ ಹೆಸರಿನ ಜೊತೆ "ಅವರೇ" ಸೇರಿಸಿ, ಎಲ್ಲರಿಗೂ ಬಹುವಚನ ಬಳಸುವುದು ನಮಗೆ ಒಗ್ಗುವ ಮಾರ್ಗ ಎಂದುಕೊಂಡಿದ್ದೇನೆ. ಹದಿನಾಲ್ಕು ವರ್ಷದ ಹುಡುಗನಿರಲಿ, ನಿವೃತ್ತ ಅಧಿಕಾರಿ ಇರಲಿ, ಗಾಳಿಯಲ್ಲಿ ಇಬ್ಬರೂ ನೀವು. (ಸರಸ್ವತಿಪುರಂನ ಹಿರಿಯರು ಆ ವಿದ್ಯಾರ್ಥಿಯನ್ನು ಮಗು ಎಂದು ಕರೆದದ್ದರಲ್ಲಿ ವಾತ್ಸಲ್ಯವಿದೆ, ಅದನ್ನು ನಾನು ಆಕ್ಷೇಪಿಸುತ್ತಿಲ್ಲ. ಗಾಳಿಯಲ್ಲಿ ಅವರು ಎಲ್ಲರಿಗೂ ಬಹುವಚನವನ್ನೇ ಬಳಸುವುದನ್ನು ಕೇಳಿದ್ದೇನೆ.)

ಎರಡನೆಯದಾಗಿ, ಹೆಣ್ಣು ದನಿ ಕೇಳಿಸಿದ ಕೂಡಲೇ ಐದಾರು ಜನ ಒಟ್ಟಿಗೆ ಕರೆಯುವುದು ಸ್ವಾಗತದ ಉದ್ದೇಶದಿಂದಲೇ ಇರಬಹುದು. ಆದರೆ ಅಲ್ಲಿಗೆ ನಾನು ಮಾತನಾಡಬೇಕೆಂದಿದ್ದವರ ಜೊತೆಗಿನ ಮಾತು ನಿಂತುಹೋಗುತ್ತದೆ. ಆಮೇಲೆ ಬರುವ ಪ್ರಶ್ನೆಗಳು: ಯಾವ ಬೀದಿ, ಯಜಮಾನರು ಏನು ಮಾಡುತ್ತಾರೆ, ಮನೆಯಲ್ಲಿ ಈಗ ಯಾರಿದ್ದಾರೆ. ನಮ್ಮ ಮಾತು ಯಾವ ಗುಟ್ಟೂ ಇಲ್ಲದೆ ತೆರೆದಿರುತ್ತದೆ. ಅರ್ಥ ಮರೆಮಾಚುವ ಸಂಕೇತಭಾಷೆಯನ್ನು ಬಳಸುವಂತೆಯೇ ಇಲ್ಲ. ಸ್ಕ್ಯಾನರ್ ಇಟ್ಟುಕೊಂಡ ಯಾರು ಬೇಕಾದರೂ ಕೇಳಬಹುದು. ಹಾಗಿರುವಾಗ ಒಂಟಿಯಾಗಿ ಮನೆಯಲ್ಲಿರುವ ಹೆಂಗಸಿಗೋ, ವಯಸ್ಸಾದವರಿಗೋ ಆ ಪ್ರಶ್ನೆಯನ್ನು ಗಾಳಿಯಲ್ಲಿ ಕೇಳುವುದು ಸರಿಯೇ? ಕೇಳಿದವರು ಒಳ್ಳೆಯವರು ಎಂಬುದರಲ್ಲಿ ಸಂದೇಹವಿಲ್ಲ. ಅವರ ಪ್ರಶ್ನೆಗೆ ಬರುವ ಉತ್ತರವನ್ನು ಇನ್ನೂ ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ಅವರಿಗೂ ತಿಳಿದಿರುವುದಿಲ್ಲ. ಕ್ಯೂಟಿಎಚ್ (ಇರುವ ಸ್ಥಳ) ಕೇಳಿದರೆ "ಮಂಡ್ಯ" ಎಂದರೆ ಸಾಕು.

ಪ್ರತಿಕ್ರಿಯೆ: ಕುವೆಂಪುನಗರ, ಮೈಸೂರು

ಭಿನ್ನಾಭಿಪ್ರಾಯವಿದ್ದರೆ ತಿಳಿಸಬಹುದು ಎಂದುಕೊಂಡು ಬರೆಯುತ್ತಿದ್ದೇನೆ. ರಿಪೀಟರಿನಲ್ಲಿ ಅರ್ಧ ಗಂಟೆ ಮಾತನಾಡುವವರ ಪೈಕಿ ನಾನೂ ಒಬ್ಬ. ಈ ಊರಿನಲ್ಲಿ ಎಷ್ಟೋ ಸಂಜೆ ನಾವಿಬ್ಬರು ಮಾತನಾಡದಿದ್ದರೆ ಆ ಫ್ರೀಕ್ವೆನ್ಸಿಯಲ್ಲಿ ಒಂದು ಸದ್ದೂ ಇರುತ್ತಿರಲಿಲ್ಲ. ಮಾತು ಕೇಳಿಯೇ ಹೊಸಬರು ಬರುತ್ತಾರೆ, ಮೌನ ಕೇಳಿ ಯಾರೂ ಬರುವುದಿಲ್ಲ. ಎಲ್ಲದಕ್ಕೂ ನಿಯಮ ಎಂದರೆ ಜನ ವಾಟ್ಸ್ಆ್ಯಪ್ ಗುಂಪಿಗೇ ಹೋಗುತ್ತಾರೆ. ಅಲ್ಲಿ ಕಾಲ್‌ಸೈನೂ ಬೇಡ, ಬೀಪೂ ಬೇಡ. ಎರಡು ಸೆಕೆಂಡು ಬಿಡಲು ನನ್ನ ಅಭ್ಯಂತರವಿಲ್ಲ. ಆದರೆ ದೀರ್ಘವಾಗಿ ಮಾತನಾಡುವುದೇ ಅಶಿಷ್ಟ ಎಂಬಂತೆ ಬಿಂಬಿಸಬಾರದು ಎಂದು ವಿನಂತಿ. ಸಿಂಪ್ಲೆಕ್ಸ್‌ಗೆ ಹೋದರೆ ನಮ್ಮ ಮಾತು ನಮ್ಮಿಬ್ಬರಿಗೆ ಮಾತ್ರ ಕೇಳಿಸುತ್ತದೆ, ಹೊಸಬರಿಗೆ ಕೇಳಿಸುವುದಿಲ್ಲ.

ಪ್ರತಿಕ್ರಿಯೆ: ಪಾಂಡವಪುರ, ಮಂಡ್ಯ ಜಿಲ್ಲೆ

ಕುವೆಂಪುನಗರದವರ ಮಾತಿನಲ್ಲಿ ಹುರುಳಿದೆ. ನಾನೂ ಅವರ ಸಂಜೆಯ ಮಾತುಗಳನ್ನು ಕೇಳುತ್ತಾ ದನ ಕಟ್ಟಿದ್ದುಂಟು, ಆಂಟೆನಾ ವಿಷಯವಾಗಿ ಅವರಿಂದ ಬಹಳ ತಿಳಿದುಕೊಂಡಿದ್ದೇನೆ. ಉದ್ದ ಮಾತು ಯಾರಿಗೂ ಭಾರವಲ್ಲ, ಸಂದಿಲ್ಲದ ಮಾತು ಭಾರ. ಹತ್ತು ನಿಮಿಷಕ್ಕೊಮ್ಮೆ "ಯಾರಾದರೂ ಸೇರುವವರಿದ್ದಾರೆಯೇ?" ಎಂದು ಕೇಳಿ, ನಾಲ್ಕೈದು ಸೆಕೆಂಡು ಸುಮ್ಮನಿದ್ದು, ಆಮೇಲೆ ಎರಡು ಗಂಟೆ ಬೇಕಾದರೂ ಮಾತನಾಡಲಿ.

ಪ್ರತಿಕ್ರಿಯೆ: ಶ್ರೀರಂಗಪಟ್ಟಣ

ಎರಡು ಸಂಗತಿಗಳು. ಮೊದಲನೆಯದು ಭಾಷೆ. ಕನ್ನಡದಲ್ಲಿ ಮಾತನಾಡಲು ನಮಗೆ ಯಾವ ಅಡ್ಡಿಯೂ ಇಲ್ಲ, ಇರಲೂ ಬಾರದು. ನಮ್ಮ ಸಂಜೆಯ ಮಾತಿಗೆ ಜೀವ ಬರುವುದೇ ಅದರಿಂದ. ಆದರೆ ನಡುವೆ ಕೊಯಮತ್ತೂರಿನವರೋ ವಯನಾಡಿನವರೋ ಸೇರಿದಾಗ, ಅವರನ್ನು ಬರಮಾಡಿಕೊಂಡು ಮತ್ತೆ ನಮ್ಮ ಪಾಡಿಗೆ ಕನ್ನಡದಲ್ಲೇ ಮುಂದುವರಿದರೆ ಅವರು ಯಾವಾಗ ಮಾತನಾಡಬೇಕು ಎಂಬುದೂ ಅವರಿಗೆ ತಿಳಿಯುವುದಿಲ್ಲ. ಅವರ ಸರದಿ ಬಂದಾಗ ಇಂಗ್ಲಿಷಿನಲ್ಲೋ ಅವರಿಗೆ ತಿಳಿಯುವ ಭಾಷೆಯಲ್ಲೋ ಎರಡು ಮಾತು ಹೇಳಿ, ಈತನಕ ಏನು ಚರ್ಚೆಯಾಯಿತೆಂದು ತಿಳಿಸುವುದು ಆತಿಥ್ಯ.

ಎರಡನೆಯದು, ಬೆಳಗಿನ ಹೊತ್ತು ಸುಭಾಷಿತ ಓದುವುದು, ಭಕ್ತಿಗೀತೆ ಕೇಳಿಸುವುದು, ಪತ್ರಿಕೆಯ ಸುದ್ದಿ ಓದುವುದು. ಇದನ್ನು ಮಾಡುವವರ ಸದುದ್ದೇಶ ನನಗೆ ತಿಳಿದಿದೆ. ಆದರೆ ನಮ್ಮ ಪರವಾನಗಿ ಅದಕ್ಕಲ್ಲ. 1978ರ ಹವ್ಯಾಸಿ ಸೇವೆಯ ನಿಯಮಗಳು ಸಂಗೀತ, ಮನರಂಜನೆ, ಸುದ್ದಿ, ಜಾಹೀರಾತು, ವ್ಯಾಪಾರದ ಮಾತು, ರಾಜಕೀಯ ವಿವಾದ ಇವುಗಳನ್ನು ಹೊರಗಿಟ್ಟಿವೆ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿ ಎಂಬ ಖಾಸಗಿ ನಿಲಯವನ್ನು ಆರಂಭಿಸಿದ ಊರು ನಮ್ಮದು, ಪ್ರಸಾರದ ಹಂಬಲ ನಮ್ಮ ರಕ್ತದಲ್ಲೇ ಇದೆ ಎನ್ನಬಹುದು. ಆದರೆ ಪ್ರಸಾರದಲ್ಲಿ ಕೇಳುಗರು ಉತ್ತರಿಸುವ ನಿರೀಕ್ಷೆ ಇರುವುದಿಲ್ಲ. ಹ್ಯಾಮ್ ರೇಡಿಯೋದಲ್ಲಿ ಅದೊಂದೇ ನಿರೀಕ್ಷೆ. ನಾವು ಹಾಡು ಹಾಕಿ ಕೂತಷ್ಟು ಹೊತ್ತೂ ಉತ್ತರಿಸಬೇಕಾದವರ ಬಾಯಿ ಕಟ್ಟಿದಂತೆ.

ಪ್ರತಿಕ್ರಿಯೆ: ಹೂಟಗಳ್ಳಿ, ಮೈಸೂರು

ಎಫ್‌ಟಿ8 (ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಬಳಸುವವರ ಪರವಾಗಿ ಚಿಕ್ಕದೊಂದು ಮಾತು. 7.074ರಲ್ಲಿ ಬರಿ ಕಿಚಿಕಿಚಿ ಸದ್ದು ಕೇಳಿಸಿತೆಂದು ಅದನ್ನು ಗದ್ದಲವೆಂದುಕೊಂಡು ಕೆಲವರು ಅಲ್ಲಿ ಧ್ವನಿಯಲ್ಲಿ ಕರೆಯುತ್ತಾರೆ. ಆ ಸದ್ದಿನೊಳಗೆ ಹತ್ತಾರು ಸಂಭಾಷಣೆಗಳಿರುತ್ತವೆ, ಒಂದೊಂದೂ ಸುಮಾರು ಐವತ್ತು ಹರ್ಟ್ಸ್ ಅಗಲ, ಹದಿನೈದು ಸೆಕೆಂಡಿಗೊಂದು ಸರದಿ. ಹಾಗೆಯೇ 14.100ರಲ್ಲಿ ಏನೂ ಇಲ್ಲವೆಂದು ಕರೆಯಬಾರದು. ಪ್ರಪಂಚದ ಹದಿನೆಂಟು ಬೀಕನ್‌ಗಳು (ಸಿಗ್ನಲ್ ಎಲ್ಲಿಯವರೆಗೆ ಮುಟ್ಟುತ್ತದೆಂದು ತಿಳಿಸುವ ಸ್ವಯಂಚಾಲಿತ ಸ್ಟೇಷನ್‌ಗಳು) ಅಲ್ಲಿ ಸರದಿಯಂತೆ ಹತ್ತು ಹತ್ತು ಸೆಕೆಂಡು ಸಿಗ್ನಲ್ ಕಳಿಸುತ್ತವೆ. ನಮಗೆ ಹತ್ತಿರದ್ದು ಶ್ರೀಲಂಕಾದ್ದು. ನಾವು ಎಫ್‌ಟಿ8ನವರೂ ಅನಗತ್ಯವಾಗಿ ನೂರು ವ್ಯಾಟ್ ಹಾಕುವುದನ್ನು ಬಿಡಬೇಕು.

ಪ್ರತಿಕ್ರಿಯೆ: ನಂಜನಗೂಡು

2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮೈಸೂರು ರಸ್ತೆಯ ಮೇಲೆ ನೀರು ಬಂದು ನಿಂತದ್ದನ್ನು ನಮ್ಮ ಊರಿನವರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಮೊಬೈಲ್ ಟವರುಗಳ ಬ್ಯಾಟರಿಯೂ ಮುಗಿದರೆ ಉಳಿಯುವುದು ನಮ್ಮ ಹ್ಯಾಂಡಿಗಳು, ಬ್ಯಾಟರಿಗೆ ಜೋಡಿಸಿದ ನಮ್ಮ ಸೆಟ್ಟುಗಳು. ಆಗ ಕರೆಯುವವರ ಹತ್ತಿರ ದೊಡ್ಡ ಆಂಟೆನಾ ಇರುವುದಿಲ್ಲ. ಮಳೆಯಲ್ಲಿ ನೆನೆಯುತ್ತಾ, ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ, ಬಂದಷ್ಟು ಸಿಗ್ನಲ್‌ನಲ್ಲಿ ಕರೆಯುತ್ತಾರೆ. ಎರಡು ಸೆಕೆಂಡಿನ ಆ ಬಿಡುವು ದಿನನಿತ್ಯ ಅಭ್ಯಾಸವಾಗಿರದಿದ್ದರೆ ಆ ದಿನ ಒಮ್ಮೆಲೇ ಬರುವುದಿಲ್ಲ.

2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಭಾರತಿ ಪ್ರಸಾದ್ ಅವರೂ ಅವರ ತಂಡವೂ ಹ್ಯಾಮ್ ಕಾರ್ಯಾಚರಣೆಗಾಗಿ ಪೋರ್ಟ್ ಬ್ಲೇರಿನಲ್ಲಿದ್ದರು. ಬಹು ವರ್ಷಗಳ ನಂತರ ಅಂಡಮಾನಿಗೆ ಅನುಮತಿ ಸಿಕ್ಕಿದ್ದರಿಂದ ಪ್ರಪಂಚದ ಹ್ಯಾಮ್‌ಗಳೆಲ್ಲ ಅವರ ಜೊತೆ ಒಂದು ಸಂಪರ್ಕಕ್ಕಾಗಿ ಮುಗಿಬಿದ್ದಿದ್ದರು. ಸಮುದ್ರ ಏರಿ ಬಂದ ಮೇಲೆ ಅದೇ ಸ್ಟೇಷನ್ ದ್ವೀಪದಲ್ಲಿದ್ದವರ ಕ್ಷೇಮಸಮಾಚಾರವನ್ನು ನಾಡಿಗೆ ಮುಟ್ಟಿಸುವ ಕೊಂಡಿಯಾಯಿತು. ಅಂಥ ಸಂದೇಶಗಳು ಹೋಗುವಾಗ ಉಳಿದವರು ಮಾಡಬೇಕಾದ ಕೆಲಸ ಒಂದೇ, ಕೇಳುವುದು. ಸಹಾಯ ಮಾಡಲೇ ಎಂದು ಕೇಳಲು ಕೂಡ ಮೈಕ್ ಒತ್ತಬಾರದು. ನೆಟ್ ಕಂಟ್ರೋಲ್ (ಗಾಳಿಯಲ್ಲಿನ ಸಾಮೂಹಿಕ ಮಾತುಕತೆಯ ನಿರ್ವಹಣೆ) ನಡೆಸುವವರು ಕೇಳಿದಾಗ ಮಾತ್ರ ಉತ್ತರಿಸಬೇಕು. ಭಾರತ ಸೇರಿರುವ ಮೂರನೆಯ ಅಂತರರಾಷ್ಟ್ರೀಯ ವಲಯಕ್ಕೆ ನಲವತ್ತು ಮೀಟರಿನಲ್ಲಿ 7.110, ಇಪ್ಪತ್ತು ಮೀಟರಿನಲ್ಲಿ ಎಲ್ಲ ವಲಯಗಳಿಗೂ 14.300 ತುರ್ತಿನ ಕೇಂದ್ರಗಳೆಂದು ಗೊತ್ತುಮಾಡಿದ್ದಾರೆ. ಸಾಮಾನ್ಯ ದಿನಗಳಲ್ಲಿಯೂ ಅಲ್ಲಿ ಕರೆಯುವ ಮುನ್ನ ತುಸು ಹೆಚ್ಚೇ ಕಿವಿಗೊಡಬೇಕು.

ಇನ್ನೊಂದು ಮಾತು. ಸಿಗ್ನಲ್ ವರದಿ ಕೊಡುವಾಗ ಎಲ್ಲರಿಗೂ 59 (ಸ್ಪಷ್ಟತೆ 5, ಬಲ 9) ಎನ್ನುವ ಔದಾರ್ಯವನ್ನು ದಯವಿಟ್ಟು ಬಿಡೋಣ. ಪ್ರವಾಹದ ದಿನ ಯಾರ ಸಂದೇಶ ಎಲ್ಲಿಂದ ಮುಟ್ಟುತ್ತದೆ, ಯಾರದು ಮುಟ್ಟುವುದಿಲ್ಲ ಎಂಬ ಲೆಕ್ಕ ನಮಗೆ ಇಂದಿನ ಪ್ರಾಮಾಣಿಕ ವರದಿಗಳಿಂದಲೇ ಸಿಗಬೇಕು. 33 ಎಂದರೆ ಯಾರಿಗೂ ಅವಮಾನವಿಲ್ಲ.

ಉತ್ತರ: ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಮಂಡ್ಯದ ಸೋದರಿ ಹೇಳಿದ ವೈಯಕ್ತಿಕ ಪ್ರಶ್ನೆಗಳ ವಿಷಯ ನನ್ನ ಮೊದಲ ಬರಹದಲ್ಲಿ ಇರಲೇಬೇಕಿತ್ತು. ಕುವೆಂಪುನಗರದವರು ಸಿಂಪ್ಲೆಕ್ಸ್ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಹೊಸಬರಿಗೆ ಕೇಳಿಸಲಿ ಎಂಬ ಉದ್ದೇಶವಿದ್ದರೆ ರಿಪೀಟರಿನಲ್ಲೇ ಇರಲಿ, ಪಾಂಡವಪುರದವರು ಸೂಚಿಸಿದಂತೆ ನಡುನಡುವೆ ಬಾಗಿಲು ತೆರೆದು ಕೇಳಲಿ.

ನಾವು ವಾರಕ್ಕೊಮ್ಮೆ ನಡೆಸುವ ಭಾನುವಾರದ ನೆಟ್‌ನಲ್ಲಿ ಇವುಗಳನ್ನು ಪ್ರಯೋಗ ಮಾಡಿ ನೋಡಬಹುದು ಎಂದು ನನ್ನ ಸಲಹೆ. ಈವರೆಗೆ ಬಲವಾದ ಸ್ಟೇಷನ್‌ಗಳು ಮೊದಲು ಚೆಕ್‌ಇನ್ ಆಗಿ, ಹ್ಯಾಂಡಿಯವರ ಸರದಿ ಬರುವಷ್ಟರಲ್ಲಿ ಅರ್ಧ ಜನ ಎದ್ದುಹೋಗಿರುತ್ತಿದ್ದರು. ಮುಂದಿನ ಸಲ ನೆಟ್ ಕಂಟ್ರೋಲ್ ನಡೆಸಲು ಯಾರು ಸಿದ್ಧರಿದ್ದೀರಿ?

ಪ್ರತಿಕ್ರಿಯೆ: ಮಂಡ್ಯ ನಗರ

ಬರುವ ಭಾನುವಾರ ನಾನು ನಡೆಸುತ್ತೇನೆ. ಮೊದಲ ಐದು ನಿಮಿಷ ಹ್ಯಾಂಡಿಯವರಿಗೆ ಮತ್ತು ಮೊದಲ ಬಾರಿ ಮಾತನಾಡುವವರಿಗೆ ಮಾತ್ರ. ಬೇಸ್ ಸ್ಟೇಷನ್‌ನವರು ಆ ಹೊತ್ತಿನಲ್ಲಿ ಕೇಳುತ್ತಿದ್ದು, ನನಗೆ ಕೇಳಿಸದ ಕಾಲ್‌ಸೈನ್ ಯಾವುದಾದರೂ ಅವರ ಕಿವಿಗೆ ಬಿದ್ದರೆ ಬರೆದಿಟ್ಟುಕೊಂಡು ನಾನು ಕೇಳಿದಾಗ ತಿಳಿಸಬೇಕು. ಪಾಂಡವಪುರದವರು ತಮ್ಮ ಹಳ್ಳಿಯಿಂದ ಕೇಳುವ ಹೊಣೆ ಹೊತ್ತರೆ ಉಪಕಾರ. ಜಯಲಕ್ಷ್ಮೀಪುರಂನವರು ತಮ್ಮ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಸೇರಲಿ, ಅವರನ್ನು ನಾನು ಮೊದಲು ಕರೆಯುತ್ತೇನೆ.

ಪ್ರತಿಕ್ರಿಯೆ: ಜಯಲಕ್ಷ್ಮೀಪುರಂ, ಮೈಸೂರು

ಅವನಿಗೆ ಹೇಳಿದ್ದೇನೆ ಮೇಡಂ. ಕಾಲ್‌ಸೈನಿನ ಕ್ರಮ ಯಾವುದೆಂದು ಮತ್ತೊಮ್ಮೆ ಕೇಳಿದ. ನಿಮ್ಮದು ಮೊದಲು, ಅವನದು ಆಮೇಲೆ ಎಂದು ಬರೆದುಕೊಟ್ಟಿದ್ದೇನೆ. ಬರುತ್ತಾನೆ. 73 (ಶುಭಾಶಯಗಳು).